ಹೊಳೆಯ ಲೆಕ್ಕ ಹಿಡಿದ ವಿಶ್ವೇಶ್ವರಯ್ಯನವರು

ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನಲ್ಲಿರುವ ಸುಲೇಪೇಟದಿಂದ ಸೇಡಂ ಕಡೆಗೆ ಹೊರಟವರಿಗೆ ದಾರಿಯ ಇಕ್ಕೆಲಗಳಲ್ಲಿಯೂ ತೊಗರಿಯ ಹೊಲಗಳು ಕಾಣುತ್ತವೆ. ನೆಲ ಕಪ್ಪು. ಬೇಸಗೆಯಲ್ಲಿ ಅದು ಕೈ ತೂರುವಷ್ಟು ಅಗಲವಾಗಿ ಬಿರುಕು ಬಿಟ್ಟಿರುತ್ತದೆ. ಈ ಮಣ್ಣಿನ ಕೆಳಗೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದುಗಳವರೆಗೂ ಹಾಳೆ ಹಾಳೆಯಾಗಿ ಏಳುವ ಸುಣ್ಣದ ಕಲ್ಲು ಹಬ್ಬಿದೆ. ನಾಡಿನ ಎಷ್ಟೋ ಮನೆಗಳ ನೆಲಕ್ಕೆ ಹಾಸಿರುವ ಶಹಾಬಾದ್ ಕಲ್ಲು ಇದೇ. ಇಲ್ಲಿಯ ಸಿಮೆಂಟಿನ ಕಾರ್ಖಾನೆಗಳಿಗೆ ಬೇಕಾದ ಕಲ್ಲೂ ಇದೇ. ಕೋಟ್ಯಂತರ ವರ್ಷಗಳ ಹಿಂದೆ ಈ ಸೀಮೆಯ ಮೇಲೆ ಸಮುದ್ರವಿದ್ದಿತು. ಅದರ ತಳದಲ್ಲಿ ಪದರು ಪದರಾಗಿ ಇಳಿದ ಸುಣ್ಣದ ಕೆಸರು ಗಟ್ಟಿಯಾಗಿ ಕಲ್ಲಾಯಿತು. ಸಮುದ್ರ ಹಿಂದೆ ಸರಿದ ಎಷ್ಟೋ ಕಾಲದ ಮೇಲೆ ಹಳ್ಳಗಳೂ ಹೊಳೆಗಳೂ ಹುಟ್ಟಿ ಅದೇ ಕಲ್ಲನ್ನು ಕೊರೆದು ತಮ್ಮ ದಾರಿಯನ್ನು ಮಾಡಿಕೊಂಡವು. ಆದುದರಿಂದ ಈ ನೆಲವನ್ನು ಹಾಸಿದುದೂ ನೀರೇ, ಕಡೆದುದೂ ನೀರೇ.

ಈ ಸೀಮೆಯ ದೊಡ್ಡ ಹೊಳೆ ಕಾಗಿಣಾ. ಚಿಂಚೋಳಿಯ ಕಡೆಯಿಂದ ಬರುವ ಮುಲ್ಲಾಮಾರಿಯೂ, ಬೆಣ್ಣೆತೊರೆಯೂ ಇದನ್ನು ಕೂಡುತ್ತವೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡವನ್ನು ಬಳಸಿಕೊಂಡು ಹೋಗಿ, ಶಹಾಬಾದಿನ ಬಳಿಯ ಹೊನಗುಂಟಾದಲ್ಲಿ ಇದು ಭೀಮಾ ನದಿಯನ್ನು ಸೇರುತ್ತದೆ. ವರ್ಷದ ಬಹುಕಾಲ ಕಾಗಿಣಾ ಸಾಧುವಾದ ಹೊಳೆ. ಆದರೆ ಮಳೆಗಾಲದ ಕೊನೆಯಲ್ಲಿ ಅದನ್ನು ನಂಬುವಂತಿಲ್ಲ. ಮೊದಲ ಮಳೆಗಳು ಬಿರುಕಿನೊಳಕ್ಕೆ ಇಳಿದು ಹೋಗುತ್ತವೆ. ಬರಬರುತ್ತ ಕಪ್ಪು ಮಣ್ಣು ನೀರು ಕುಡಿದು ಉಬ್ಬುತ್ತದೆ, ಬಿರುಕುಗಳು ಮುಚ್ಚಿಕೊಳ್ಳುತ್ತವೆ. ಆಮೇಲೆ ಬಿದ್ದ ಮಳೆಗೆ ಕೆಳಗಿಳಿಯಲು ದಾರಿಯಿಲ್ಲ. ಅದು ನೇರವಾಗಿ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ ನುಗ್ಗುತ್ತದೆ. ಸಂಜೆ ಮೊಳಕಾಲುದ್ದ ನೀರಿದ್ದ ಹೊಳೆ ಬೆಳಗಾಗುವುದರೊಳಗೆ ಸೇತುವೆಯನ್ನು ಮುಳುಗಿಸಿರುವುದುಂಟು.

ಈ ಕಾಗಿಣಾ ಹುಟ್ಟುವುದು ವಿಕಾರಾಬಾದಿನ ಸಮೀಪದ ಅನಂತಗಿರಿ ಬೆಟ್ಟಗಳಲ್ಲಿ. ಅವೇ ಬೆಟ್ಟಗಳಲ್ಲಿ ಇನ್ನೊಂದು ಹೊಳೆಯೂ ಹುಟ್ಟುತ್ತದೆ. ಪಶ್ಚಿಮಕ್ಕೆ ಇಳಿದ ನೀರು ಕಾಗಿಣಾ ಆಗಿ ಸೇಡಂ ಕಡೆಗೆ ಬಂದರೆ, ಪೂರ್ವಕ್ಕೆ ಇಳಿದ ನೀರು ಮೂಸಿ ಎಂಬ ಹೆಸರಿನಿಂದ ಹೈದರಾಬಾದ್ ನಗರದ ನಡುವೆ ಹರಿಯುತ್ತದೆ. 1908ರಲ್ಲಿ ಈ ಎರಡು ಹೊಳೆಗಳ ದಂಡೆಯ ಜನರೂ ಒಬ್ಬನೇ ಅರಸನ ಪ್ರಜೆಗಳಾಗಿದ್ದರು. ಸುಲೇಪೇಟ, ಸೇಡಂ, ಚಿತ್ತಾಪುರಗಳೆಲ್ಲ ಆಗ ನಿಜಾಮರ ಸಂಸ್ಥಾನಕ್ಕೆ ಸೇರಿದ್ದವು. ಆ ವರ್ಷ ಮೂಸಿ ನದಿಯಲ್ಲಿ ಆದ ಅನಾಹುತವೇ ಕನ್ನಡ ನಾಡಿನ ಒಬ್ಬ ಇಂಜಿನಿಯರರನ್ನು ಹೈದರಾಬಾದಿಗೆ ಕರೆತಂದಿತು. ಅವರು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು.

ವಿಶ್ವೇಶ್ವರಯ್ಯನವರು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ 1861ರ ಸೆಪ್ಟೆಂಬರ್ 15ರಂದು ಹುಟ್ಟಿದರು. ಹುಟ್ಟಿದ ವರ್ಷ 1860 ಎಂದು ಹೇಳುವವರೂ ಉಂಟು. ತಂದೆ ಶ್ರೀನಿವಾಸ ಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮನವರು. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಸೀಮೆ ಅದು. ಮಳೆಯ ನೀರನ್ನು ಕೆರೆಗಳಲ್ಲಿ ಹಿಡಿದಿಟ್ಟು ಬಾಳುವ ಊರುಗಳು. ಕೆರೆಯ ಏರಿ, ತೂಬು, ಕೋಡಿಗಳೆಂದರೆ ಏನೆಂಬುದನ್ನು ಆ ಭಾಗದ ಮಕ್ಕಳಿಗೆ ಪುಸ್ತಕದಿಂದ ತಿಳಿಸಬೇಕಾಗಿರಲಿಲ್ಲ. ತಂದೆಯವರು ಬೇಗನೆ ತೀರಿಕೊಂಡುದರಿಂದ ಮನೆಯಲ್ಲಿ ಬಡತನವಿತ್ತು. ಬಾಲಕನು ಬೆಂಗಳೂರಿನಲ್ಲಿ ಸೋದರಮಾವನವರ ಆಶ್ರಯ ಪಡೆದು, ಮಕ್ಕಳಿಗೆ ಮನೆಪಾಠ ಹೇಳಿ, ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಪದವಿಯನ್ನು ಪಡೆದನು. ಅನಂತರ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯ ವಿಜ್ಞಾನ ಕಾಲೇಜನ್ನು ಸೇರಿ 1883ರ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗನಾಗಿ ತೇರ್ಗಡೆ ಹೊಂದಿದನು. ಮರುವರ್ಷವೇ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ ದೊರೆಯಿತು.

ಹೊಳೆಯೊಡನೆ ಅವರಿಗಾದ ಮೊದಲ ಪರಿಚಯ ಹಿತವಾದುದೇನೂ ಆಗಿರಲಿಲ್ಲ. ಖಾನದೇಶದ ಪಾಂಝರಾ ನದಿಯ ಬಳಿ ಕಾಲುವೆಯ ನೀರನ್ನು ಕೊಳವೆಯ ಮೂಲಕ ಹಾಯಿಸುವ ಕೆಲಸ ಅವರ ಪಾಲಿಗೆ ಬಂದಿತು. ಮಳೆಗಾಲ ಹಿಡಿದುಕೊಂಡಿತು. ಹಗಲೆಲ್ಲ ತೋಡಿಸಿದ ಗುಂಡಿಯನ್ನು ಪ್ರವಾಹವು ಮರಳಿನಿಂದ ಮುಚ್ಚುತ್ತಿತ್ತು. ಮಳೆ ನಿಂತ ಮೇಲೆ ಕೆಲಸ ಮುಂದುವರಿಸಬಹುದೇ ಎಂದು ಕೇಳಿದುದಕ್ಕೆ ಮೇಲಧಿಕಾರಿಗಳಿಂದ ಅಸಮಾಧಾನದ ಉತ್ತರ ಬಂದಿತು. ಅವರು ಮತ್ತೆ ಮಾತನಾಡದೆ ಕೆಲಸವನ್ನು ಮುಗಿಸಿಯೇ ತೀರಿದರು. ಹತ್ತು ವರ್ಷಗಳ ಮೇಲೆ ಸಿಂಧ್ ಪ್ರಾಂತದ ಸಕ್ಕರ್ ನಗರದಲ್ಲಿ ಅದೇ ಮರಳು ಅವರಿಗೆ ನೆರವಾಯಿತು. ಸಿಂಧೂ ನದಿಯ ನೀರು ಕೆಸರು ತುಂಬಿದುದು. ಅದನ್ನು ಸೋಸುವ ತೊಟ್ಟಿಗಳನ್ನು ಕಟ್ಟಲು ಪುರಸಭೆಯ ಬಳಿ ಹಣವಿರಲಿಲ್ಲ. ವಿಶ್ವೇಶ್ವರಯ್ಯನವರು ನದಿಯ ಪಾತ್ರದಲ್ಲಿಯೇ ಬಾವಿ ತೋಡಿಸಿದರು. ಮರಳಿನ ಮೂಲಕ ಜಿನುಗಿ ಬಂದ ನೀರು ತಾನೇ ತಿಳಿಯಾಗಿ ಬಾವಿಯನ್ನು ಸೇರಿತು. 1895ರಲ್ಲಿ ಆ ಊರಿಗೆ ಶುದ್ಧವಾದ ನೀರು ಹರಿಯಿತು.

ಪುಣೆಯ ಹತ್ತಿರ ಮುಠಾ ನದಿಗೆ ಕಟ್ಟಿರುವ ಖಡಕವಾಸ್ಲಾ ಜಲಾಶಯದಲ್ಲಿ ಅವರು ಮಾಡಿದ ಕೆಲಸವು ಇನ್ನೂ ಹೆಸರಾದುದು. ಮಳೆಗಾಲದಲ್ಲಿ ಅಲ್ಲಿಯ ನೀರು ಕೋಡಿಯ ಮೇಲಿಂದ ಹರಿದು ವ್ಯರ್ಥವಾಗುತ್ತಿತ್ತು, ಬೇಸಗೆಯಲ್ಲಿ ಸಾಲುತ್ತಿರಲಿಲ್ಲ. ಕಟ್ಟೆಯನ್ನು ಎತ್ತರಿಸಿದರೆ ದೊಡ್ಡ ಪ್ರವಾಹ ಬಂದಾಗ ಅದಕ್ಕೇ ಅಪಾಯ. ವಿಶ್ವೇಶ್ವರಯ್ಯನವರು ಕೋಡಿಯ ಮೇಲೆ ಬಾಗಿಲುಗಳನ್ನು ಕೂಡಿಸಿದರು. ನೀರು ಗೊತ್ತಾದ ಮಟ್ಟದವರೆಗೆ ಏರುವ ತನಕ ಅವು ಮುಚ್ಚಿಕೊಂಡಿರುವುವು. ಆ ಮಟ್ಟವನ್ನು ಮೀರಿದರೆ ಯಾರ ಕೈಯೂ ತಾಗದೆ ತಾವಾಗಿಯೇ ತೆರೆದುಕೊಳ್ಳುವುವು. ನೆರೆ ಇಳಿದ ಮೇಲೆ ಮತ್ತೆ ಮುಚ್ಚಿಕೊಳ್ಳುವುವು. 1903ರಲ್ಲಿ ಕೂಡಿಸಿದ ಈ ಬಾಗಿಲುಗಳಿಂದ ಹಳೆಯ ಕೋಡಿಯ ಮಟ್ಟಕ್ಕಿಂತ ಸುಮಾರು ಎಂಟು ಅಡಿ ಹೆಚ್ಚಿಗೆ ನೀರು ನಿಂತಿತು. ಅವುಗಳ ಹಕ್ಕು ಅವರದಾಗಿದ್ದರೂ, ತಾವು ಸರ್ಕಾರದ ನೌಕರರೆಂಬ ಕಾರಣದಿಂದ ಅದರ ಗೌರವಧನವನ್ನು ಅವರು ಸ್ವೀಕರಿಸಲಿಲ್ಲ.

1908ರಲ್ಲಿ ಅವರು ಮುಂಬಯಿ ಸರ್ಕಾರದ ಸೇವೆಯಿಂದ ಬಿಡುಗಡೆ ಕೋರಿ ವಿದೇಶ ಪ್ರವಾಸಕ್ಕೆ ಹೊರಟರು. ಇಟಲಿಯಲ್ಲಿದ್ದಾಗ ನಿಜಾಮರ ಸರ್ಕಾರದಿಂದ ತಂತಿ ಬಂದಿತು.

ಆ ವರ್ಷದ ಸೆಪ್ಟೆಂಬರ್ ಕೊನೆಯ ವಾರದಲ್ಲಿ ಬಂಗಾಳ ಕೊಲ್ಲಿಯ ಕಡೆಯಿಂದ ಬಂದ ಬಿರುಗಾಳಿ ಮಳೆಯು ಹೈದರಾಬಾದಿನ ಮೇಲಣ ಸೀಮೆಯನ್ನು ಮುತ್ತಿತ್ತು. ನಗರದ ಬಳಿಯ ಶಂಷಾಬಾದಿನಲ್ಲಿ ಒಂದು ಹಗಲು ರಾತ್ರಿಯಲ್ಲಿ 12.8 ಅಂಗುಲ, ಎರಡು ದಿನಗಳಲ್ಲಿ 18.9 ಅಂಗುಲ ಮಳೆ ಸುರಿಯಿತು. ಸೆಪ್ಟೆಂಬರ್ 28ರಂದು ಮೂಸಿಯು ದಂಡೆ ಮೀರಿ ನಗರದೊಳಕ್ಕೆ ನುಗ್ಗಿತು. ಅಫ್ಜಲ್, ಮುಸಲ್ಲಂ ಜಂಗ್, ಚಾದರ್‌ಘಾಟ್ ಸೇತುವೆಗಳು ಕೊಚ್ಚಿಹೋದವು. ಹದಿನಾರನೆಯ ಶತಮಾನದ ಪುರಾನಾಪುಲ್ ಮಾತ್ರ ನಿಂತಿತು. ಸುಮಾರು 19,000 ಮನೆಗಳು ಬಿದ್ದವು. ಎಂಬತ್ತು ಸಾವಿರದಷ್ಟು ಜನ ನೆಲೆ ಕಳೆದುಕೊಂಡರು. ಸತ್ತವರು ಸುಮಾರು 15,000 ಮಂದಿಯೆಂದು ಅಂದಾಜು. ಅಫ್ಜಲ್‌ಗಂಜಿನಲ್ಲಿದ್ದ ಒಂದು ಹುಣಸೆಯ ಮರವನ್ನು ಏರಿ ಕುಳಿತ ನೂರೈವತ್ತು ಮಂದಿ ಬದುಕಿಕೊಂಡರು. ಆ ಮರವನ್ನು ಇಂದಿಗೂ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿ ಜನರು ಅದೇ ಕಾರಣಕ್ಕಾಗಿ ನೆನೆಯುತ್ತಾರೆ.

ವಿಶ್ವೇಶ್ವರಯ್ಯನವರು 1909ರ ಏಪ್ರಿಲ್ ತಿಂಗಳಲ್ಲಿ ಹೈದರಾಬಾದಿಗೆ ಬಂದರು. ನಗರವನ್ನು ಮತ್ತೆ ಕಟ್ಟುವುದು, ಚರಂಡಿಗಳ ವ್ಯವಸ್ಥೆ ಮಾಡುವುದು, ಮುಂದೆ ಇಂತಹ ನೆರೆ ಬಾರದಂತೆ ತಡೆಯುವುದು, ಇವು ಅವರಿಗೆ ಒಪ್ಪಿಸಿದ ಕೆಲಸಗಳು. ಬಿದ್ದ ಮನೆಗಳು, ಮುರಿದ ಸೇತುವೆಗಳು ಎಲ್ಲರ ಕಣ್ಣಿಗೂ ಕಾಣುತ್ತಿದ್ದವು. ಅವರು ಮಾತ್ರ ಅವುಗಳಿಗೆ ಬೆನ್ನು ಮಾಡಿ ಹೊಳೆಯ ಮೇಲ್ಭಾಗದ ಕಡೆಗೆ ನೋಡಿದರು. ನಗರದ ಮೇಲ್ಗಡೆ ಸುಮಾರು 860 ಚದರ ಮೈಲಿಗಳ ನೆಲದ ಮಳೆಯು ಮೂಸಿಗೂ, ಅದನ್ನು ಕೂಡುವ ಈಸಿಗೂ ಬಂದು ಸೇರುತ್ತಿತ್ತು. ಎಲ್ಲೆಲ್ಲಿ ಎಷ್ಟು ಮಳೆ ಬಿದ್ದಿತು, ಯಾವ ಹೊತ್ತಿಗೆ ನೀರು ಎಲ್ಲಿಗೆ ಬಂದಿತು, ಎಷ್ಟು ಎತ್ತರಕ್ಕೆ ಏರಿತು ಎಂಬುದನ್ನೆಲ್ಲ ಕಲೆಹಾಕಿಸಿದರು. ಇತರ ಸೀಮೆಗಳ ದೊಡ್ಡ ಮಳೆಗಳ ದಾಖಲೆಗಳೊಡನೆ ಹೋಲಿಸಿದರು. ನೆರೆಯ ಏರು ಹೊತ್ತಿನಲ್ಲಿ ನದಿಯಲ್ಲಿ ಸೆಕೆಂಡಿಗೆ ಸುಮಾರು 4,25,000 ಘನ ಅಡಿ ನೀರು ಹರಿದಿರಬೇಕೆಂದು ಲೆಕ್ಕ ಹಾಕಿದರು.

ಇನ್ನೂ ಒಂದು ಲೆಕ್ಕವನ್ನು ಅವರು ತೆಗೆಸಿದರು. ಅವರನ್ನು ಹೊಗಳಿ ಬರೆದವರು ಅಣೆಕಟ್ಟುಗಳ ಮಾತನ್ನೇ ಹೆಚ್ಚಾಗಿ ಆಡುತ್ತಾರೆ. ನಮಗೆ ಈ ಲೆಕ್ಕವೇ ಹಿರಿದೆಂದು ತೋರುತ್ತದೆ. ಆ 860 ಚದರ ಮೈಲಿಗಳ ಪ್ರದೇಶದಲ್ಲಿ ಹಿಂದಿನವರು ಕಟ್ಟಿಸಿದ 788 ಕೆರೆಗಳಿದ್ದವು. ಹೆಚ್ಚು ಕಡಮೆ ಚದರ ಮೈಲಿಗೊಂದು ಕೆರೆ. ಅವುಗಳಲ್ಲಿ 221 ಕೆರೆಗಳು ಆ ಮಳೆಯಲ್ಲಿ ಒಡೆದಿದ್ದವು. ನಮ್ಮ ಕಡೆಯ ಕೆರೆಗಳು ಒಂಟಿಯಾಗಿರುವುದಿಲ್ಲ. ಮೇಲಿನ ಕೆರೆಯ ಕೋಡಿಯ ನೀರು ಕೆಳಗಿನ ಕೆರೆಗೆ ಬೀಳುವಂತೆ ಸರಪಳಿಯಾಗಿ ಇರುತ್ತವೆ. ಕೋಡಿ ಹರಿದರೆ ಎಲ್ಲವೂ ಸುಗಮ. ಆದರೆ ಮೇಲಿನದರ ಏರಿ ಒಡೆಯಿತೆಂದರೆ ತಿಂಗಳುಗಟ್ಟಲೆ ಕೂಡಿಟ್ಟ ನೀರು ಒಂದೇ ಗಳಿಗೆಯಲ್ಲಿ ಕೆಳಗಿನದರ ಮೇಲೆ ಬೀಳುತ್ತದೆ. ಅದೂ ಒಡೆಯುತ್ತದೆ, ಎರಡರ ನೀರೂ ಕೂಡಿ ಮೂರನೆಯದನ್ನು ಒಡೆಯುತ್ತದೆ. ಹೀಗೆ ಬೆಟ್ಟದ ತಪ್ಪಲಿನಲ್ಲಿ ಬೆಳೆಗೆ ನೀರು ಕೊಡುತ್ತಿದ್ದ ಕೆರೆಗಳೇ ನಗರದ ಹೊಸ್ತಿಲಿಗೆ ಬರುವ ಹೊತ್ತಿಗೆ ಮೃತ್ಯುವಾಗಿ ಪರಿಣಮಿಸಿದ್ದವು. ಬಿದ್ದ ಮಳೆಯನ್ನು ಮಾತ್ರ ಎಣಿಸಿದ್ದರೆ ನೆರೆಯ ಪೂರ್ತಿ ಲೆಕ್ಕ ಸಿಕ್ಕುತ್ತಿರಲಿಲ್ಲ.

1909ರ ಅಕ್ಟೋಬರ್ ಒಂದರಂದು ಅವರು ವರದಿಯನ್ನು ಒಪ್ಪಿಸಿದರು. ನಗರದ ನಡುವೆ ಎಷ್ಟು ಎತ್ತರದ ಗೋಡೆ ಕಟ್ಟಿದರೂ ಅಂತಹ ನೆರೆಯನ್ನು ಹಿಡಿಯಲಾಗದು. ನೀರನ್ನು ನಗರಕ್ಕೆ ಬರುವ ಮೊದಲೇ ನಿಲ್ಲಿಸಬೇಕು ಎಂಬುದು ಅದರ ತಿರುಳು. ಅದಕ್ಕಾಗಿ ಮೂಸಿಗೆ ಒಂದು, ಈಸಿಗೆ ಒಂದು, ಎರಡು ಜಲಾಶಯಗಳನ್ನು ಕಟ್ಟಬೇಕೆಂದು ಸೂಚಿಸಿದರು. ನೆರೆಯ ನೀರು ಬಂದು ಇವುಗಳಲ್ಲಿ ತಂಗುವುದು. ನಗರದ ಹೊಳೆಯ ಪಾತ್ರವು ತಾಳುವಷ್ಟು ನೀರನ್ನು ಮಾತ್ರ ಕೆಳಗೆ ಬಿಡುವುದು. ನದಿಯ ದಂಡೆಗಳನ್ನು ಎತ್ತರಿಸಿ, ಅಲ್ಲಿ ಮನೆಗಳ ಬದಲು ಉದ್ಯಾನಗಳೂ ರಸ್ತೆಗಳೂ ಇರುವಂತೆ ಮಾಡಬೇಕೆಂದೂ ಹೇಳಿದರು. ಆರನೆಯ ನಿಜಾಮ ಮೀರ್ ಮಹಬೂಬ್ ಅಲೀ ಖಾನರು 1911ರಲ್ಲಿ ತೀರಿಕೊಂಡರು. ಕೆಲಸ ಅವರ ಮಗನ ಕಾಲದಲ್ಲಿ ನಡೆಯಿತು. ಗಂಡಿಪೇಟೆಯಲ್ಲಿ ಮೂಸಿಗೆ ಅಡ್ಡಲಾಗಿ ಉಸ್ಮಾನ್ ಸಾಗರವು 1920ರಲ್ಲಿ, ಈಸಿಗೆ ಅಡ್ಡಲಾಗಿ ಹಿಮಾಯತ್ ಸಾಗರವು 1927ರಲ್ಲಿ ಸಿದ್ಧವಾದವು.

ಈ ಎರಡು ಜಲಾಶಯಗಳೇ ಹೈದರಾಬಾದಿನ ಜನರಿಗೆ ಬಹುಕಾಲ ಕುಡಿಯುವ ನೀರನ್ನೂ ಕೊಟ್ಟವು. ಇದರಲ್ಲಿ ಒಂದು ತೊಡಕು ಅಡಗಿದೆ. ಕುಡಿಯುವ ನೀರಿಗಾದರೆ ಜಲಾಶಯವು ಆದಷ್ಟು ತುಂಬಿರಬೇಕು. ನೆರೆಯನ್ನು ತಡೆಯಲಿಕ್ಕಾದರೆ ಅದರಲ್ಲಿ ಆದಷ್ಟು ಜಾಗ ಖಾಲಿ ಇರಬೇಕು. ಒಂದೇ ಗಡಿಗೆ ತುಂಬಿಯೂ ಇರಬೇಕು, ಬರಿದಾಗಿಯೂ ಇರಬೇಕು ಎಂದ ಹಾಗೆ. ಮಳೆಗಾಲದ ಮೊದಲಲ್ಲಿ ಎಷ್ಟು ತುಂಬಿಸಬೇಕು, ಕೊನೆಯಲ್ಲಿ ಎಷ್ಟು ಉಳಿಸಬೇಕು ಎಂಬುದನ್ನು ಪ್ರತಿವರ್ಷವೂ ಯಾರಾದರೂ ಎಚ್ಚರದಿಂದ ನಿರ್ಧರಿಸಲೇಬೇಕು. ಕಟ್ಟಿ ಮುಗಿಸಿದ ದಿನಕ್ಕೆ ಅಣೆಕಟ್ಟಿನ ಕೆಲಸ ಮುಗಿಯುವುದಿಲ್ಲ.

ಹೈದರಾಬಾದಿನಿಂದ ವಿಶ್ವೇಶ್ವರಯ್ಯನವರು ನೇರವಾಗಿ ಮೈಸೂರಿಗೆ ಬಂದರು. 1909ರ ನವೆಂಬರಿನಲ್ಲಿ ಮುಖ್ಯ ಇಂಜಿನಿಯರರೂ, 1912ರಿಂದ 1918ರವರೆಗೆ ದಿವಾನರೂ ಆಗಿ ಅವರು ಮಾಡಿದ ಕೆಲಸಗಳು ಕನ್ನಡಿಗರಿಗೆಲ್ಲ ತಿಳಿದಿವೆ. ಬ್ಯಾಂಕು, ವಿಶ್ವವಿದ್ಯಾನಿಲಯ, ಕಾರ್ಖಾನೆಗಳು, ಕಡ್ಡಾಯ ಶಿಕ್ಷಣ, ಇವುಗಳ ಕಥೆಯನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಕನ್ನಂಬಾಡಿಯಲ್ಲಿ ಕಾವೇರಿಗೆ 1911ರಲ್ಲಿ ಕಟ್ಟಲು ಮೊದಲು ಮಾಡಿದ ಕೃಷ್ಣರಾಜಸಾಗರದಲ್ಲಿಯೂ ಅವರ ತಾನಾಗಿ ತೆರೆಯುವ ಬಾಗಿಲುಗಳು ಬಂದವು. ಮಂಡ್ಯದ ಸೀಮೆ ಹಸಿರಾಯಿತು. ಹಳೆಯ ಕನ್ನಂಬಾಡಿಯೂ ಸೇರಿ ಹಲವು ಹಳ್ಳಿಗಳು ಆ ನೀರಿನಲ್ಲಿ ಮುಳುಗಿದವು. ಹೊಲ ಮನೆ ಬಿಟ್ಟು ಹೊರಟ ಆ ಊರಿನವರ ಮಾತು ಅವರ ಚರಿತ್ರೆಗಳಲ್ಲಿ ಒಂದೆರಡು ಸಾಲಿಗಿಂತ ಹೆಚ್ಚು ಬರುವುದಿಲ್ಲ, ಬರಬೇಕಾಗಿತ್ತು.

ಅಧಿಕಾರ ಬಿಟ್ಟ ಮೇಲೂ ಪ್ರವಾಹವಾದ ಕಡೆ ಅವರನ್ನು ಕರೆಯುತ್ತಿದ್ದರು. 1937ರಲ್ಲಿ ಒರಿಸ್ಸಾದ ಮಹಾನದಿಯು ಉಕ್ಕಿ ಬಹಳ ಹಾನಿಯಾದಾಗ, ಗಾಂಧೀಜಿಯವರ ಅಪೇಕ್ಷೆಯಂತೆ ಅವರು ಅಲ್ಲಿಗೆ ಹೋಗಿ ನೋಡಿದರು. ಆಗ ಅವರಿಗೆ ಎಪ್ಪತ್ತಾರು ವರ್ಷ. ಅಲ್ಲಿ ತಲೆಮಾರುಗಳಿಂದ ದಂಡೆಗೆ ಮಣ್ಣಿನ ಒಡ್ಡು ಹಾಕುವುದೊಂದೇ ಉಪಾಯವಾಗಿತ್ತು. ಒಡ್ಡುಗಳ ನಡುವೆ ಸಿಕ್ಕ ನದಿಯು ತಾನು ತಂದ ಹೂಳನ್ನು ಬಯಲಿಗೆ ಚೆಲ್ಲಲಾರದೆ ತನ್ನ ಪಾತ್ರದಲ್ಲಿಯೇ ಹಾಕಿಕೊಳ್ಳುತ್ತದೆ, ಪಾತ್ರ ಮೇಲೇರುತ್ತದೆ, ಒಡ್ಡು ಒಡೆದ ದಿನ ಅನಾಹುತ ಹಿಂದಿಗಿಂತ ದೊಡ್ಡದಾಗಿರುತ್ತದೆ. ವಿಶ್ವೇಶ್ವರಯ್ಯನವರು ಮೂಸಿಯ ದಂಡೆಯಲ್ಲಿ ಕಂಡುಕೊಂಡ ದಾರಿಯನ್ನೇ ಅಲ್ಲಿಯೂ ತೋರಿಸಿ, ಮೇಲ್ಭಾಗದಲ್ಲಿ ಜಲಾಶಯಗಳಿಂದ ನೀರನ್ನು ತಡೆಯುವ ವಿಚಾರವನ್ನು ಮುಂದಿಟ್ಟರು. ಮಹಾನದಿಗೆ ಕಟ್ಟಿದ ಹಿರಾಕುಡ್ ಅಣೆಕಟ್ಟು 1957ರಲ್ಲಿ ಉದ್ಘಾಟನೆಯಾಯಿತು. ಅದಕ್ಕೆ ಎರಡು ವರ್ಷ ಮೊದಲು, 1955ರಲ್ಲಿ, ಭಾರತ ಸರ್ಕಾರವು ವಿಶ್ವೇಶ್ವರಯ್ಯನವರಿಗೆ ಭಾರತ ರತ್ನ ಪ್ರಶಸ್ತಿಯನ್ನು ನೀಡಿತ್ತು.

ಅವರು ನೂರರ ಅಂಚಿನಲ್ಲಿದ್ದಾಗ ಪುಣೆಯಿಂದ ಒಂದು ಸುದ್ದಿ ಬಂದಿತು. ಮುಠಾ ನದಿಯ ಉಪನದಿಯಾದ ಅಂಬಿಗೆ ಪಾನಶೆತ್ ಎಂಬಲ್ಲಿ ಹೊಸದಾಗಿ ಮಣ್ಣಿನ ಅಣೆಕಟ್ಟು ಕಟ್ಟುತ್ತಿದ್ದರು. ನೀರನ್ನು ಹೊರಬಿಡುವ ಭಾಗದ ಕೆಲಸ ಪೂರ್ತಿಯಾಗಿರಲಿಲ್ಲ. ಆದರೂ ಆ ಮಳೆಗಾಲದ ನೀರು ಅದರಲ್ಲಿ ತುಂಬಿತ್ತು. 1961ರ ಜುಲೈ 12ರಂದು ಅದು ಒಡೆಯಿತು. ಆ ನೀರೆಲ್ಲ ಕೆಳಗಿದ್ದ ಖಡಕವಾಸ್ಲಾ ಜಲಾಶಯಕ್ಕೆ ಬಂದು ಬಿದ್ದಿತು. ತರುಣ ಇಂಜಿನಿಯರ್ ವಿಶ್ವೇಶ್ವರಯ್ಯನವರು ಎಂಟು ಅಡಿ ನೀರನ್ನು ಹೆಚ್ಚಿಸಿ ಹೆಸರು ಪಡೆದಿದ್ದ ಅದೇ ಜಲಾಶಯ. ಸುಮಾರು ಎಂಬತ್ತು ವರ್ಷ ನಿಂತಿದ್ದ ಕಲ್ಲಿನ ಕಟ್ಟೆಯು ಆ ದಿನವೇ ಬಿರಿಯಿತು. ಪುಣೆಯ ಹೊಳೆದಂಡೆಯ ಪೇಟೆಗಳು ನೀರಿನಲ್ಲಿ ಮುಳುಗಿದವು. ಮೂಸಿಯ ಮೇಲ್ಭಾಗದ ಕೆರೆಗಳಲ್ಲಿ ಆದುದೇ ಐವತ್ತಮೂರು ವರ್ಷಗಳ ಮೇಲೆ ಇಲ್ಲಿ ಎರಡು ದೊಡ್ಡ ಅಣೆಕಟ್ಟುಗಳಲ್ಲಿ ಆಯಿತು. ಬಾಗಿಲುಗಳು ಎಷ್ಟೇ ಚೆನ್ನಾಗಿ ತೆರೆದುಕೊಂಡರೂ ಮೇಲಿನ ಕಟ್ಟೆ ಒಡೆದು ಬರುವ ನೀರಿಗೆ ಅವು ಸಾಲುವಂತಿರಲಿಲ್ಲ.

ಮರುವರ್ಷ, 1962ರ ಏಪ್ರಿಲ್ ತಿಂಗಳಲ್ಲಿ ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ತೀರಿಕೊಂಡರು. ಅವರ ಅಂತ್ಯಕ್ರಿಯೆಯು ಹುಟ್ಟಿದೂರಾದ ಮುದ್ದೇನಹಳ್ಳಿಯಲ್ಲಿ ನಡೆಯಿತು.

ನಿಜಾಮರ ಸಂಸ್ಥಾನವು 1948ರಲ್ಲಿ ಭಾರತದಲ್ಲಿ ವಿಲೀನವಾಯಿತು. 1956ರ ನವೆಂಬರ್ ಒಂದರಂದು ಸೇಡಂ, ಚಿಂಚೋಳಿ, ಚಿತ್ತಾಪುರಗಳು ಕನ್ನಡ ನಾಡನ್ನು ಸೇರಿದವು; ಹೈದರಾಬಾದು ಆಚೆಯ ರಾಜ್ಯಕ್ಕೆ ಸೇರಿತು. ಗಡಿ ಬದಲಾದರೂ ಅನಂತಗಿರಿಯ ನೀರು ಹಿಂದಿನಂತೆಯೇ ಎರಡೂ ಕಡೆಗೆ ಇಳಿಯುತ್ತಿದೆ. 2020ರ ಅಕ್ಟೋಬರ್ ಎರಡನೆಯ ವಾರದಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತವೊಂದು ತೆಲಂಗಾಣವನ್ನು ದಾಟಿ ಕಲಬುರಗಿಯ ಮೇಲೆ ಹಾದುಹೋಯಿತು. ಹೈದರಾಬಾದಿನಲ್ಲಿ ಹಿಮಾಯತ್ ಸಾಗರದ ಬಾಗಿಲುಗಳನ್ನು ತೆರೆಯಬೇಕಾಯಿತು. ಮೂಸಿಯು 1908ರಂತೆ ನಗರವನ್ನು ಹೊಕ್ಕು ಕೊಚ್ಚಲಿಲ್ಲ. ಆದರೆ ನಗರದೊಳಗೆಯೇ, ಮನೆಗಳು ಒತ್ತಿಕೊಂಡು ಬೆಳೆದಿದ್ದ ಹಳೆಯ ಕೆರೆಗಳ ಏರಿಗಳು ಒಡೆದು ಬಡಾವಣೆಗಳು ಮುಳುಗಿದವು. ಅದೇ ದಿನಗಳಲ್ಲಿ ಬೆಟ್ಟದ ಈಚೆಗೆ ಕಾಗಿಣಾ ಉಕ್ಕಿ ಸೇಡಂ, ಚಿಂಚೋಳಿ, ಚಿತ್ತಾಪುರ ತಾಲ್ಲೂಕುಗಳ ದಂಡೆಯ ಊರುಗಳಿಗೆ ನೀರು ನುಗ್ಗಿತು. ಕಟಾವಿಗೆ ಇನ್ನೂ ತಿಂಗಳುಗಳಿದ್ದ ತೊಗರಿಯು ಕಪ್ಪು ನೆಲದಲ್ಲಿ ನೀರು ಹಿಡಿದು ನಿಂತಿತು.